ಹಾಡಹಗಲೇ ಹೇಳಿದ ಒಗಟು

ರಾಜೀವನ ಅಜ್ಜಿ ಸಾಯುವ ತನಕ ಎರಡು ಮಾತು ಬಿಟ್ಟುಕೊಟ್ಟವಳಲ್ಲ. ನೀರು ಹೆಚ್ಚಾದ ಮಜ್ಜಿಗೆಯನ್ನು ಮಜ್ಜಿಗೆ ಎಂದು ಕರೆಯಬಾರದು ಎಂಬುದು ಒಂದು. ಹಗಲು ಹೊತ್ತಿನಲ್ಲಿ ಒಗಟು ಹೇಳಬಾರದು, ಹೇಳಿದರೆ ಸೋದರಮಾವನಿಗೆ ದಾರಿ ತಪ್ಪುತ್ತದೆ ಎಂಬುದು ಇನ್ನೊಂದು. ಒಗಟಿಗೆ ಅವಳು ಎದುರುಕತೆ ಎನ್ನುತ್ತಿದ್ದಳು. ಸಂಜೆ ದೀಪ ಹಚ್ಚಿ, ದೇವರಿಗೆ ಕೈಮುಗಿದು, ಊರಿನ ಸೋದರಮಾವಂದಿರೆಲ್ಲ ಅವರವರ ಜಗಲಿ ಸೇರಿದರು ಎಂದು ಖಾತ್ರಿಯಾದ ಮೇಲೆಯೇ ಅವಳ ಬಾಯಿಂದ ಒಂದೊಂದಾಗಿ ಎದುರುಕತೆ ಹೊರಡುತ್ತಿತ್ತು. ದಾರಿ ತಪ್ಪುವುದು ಯಾರ ಸೋದರಮಾವನಿಗೆ ಎಂದು ಅಜ್ಜಿ ಬಿಡಿಸಿ ಹೇಳಿರಲಿಲ್ಲ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಅಂಥ ಅಜ್ಜಿಯ ಮೊಮ್ಮಗ, ಎಪ್ಪತ್ತೊಂಬತ್ತನೆಯ ಇಸವಿಯ ಜೂನ್ ತಿಂಗಳ ಒಂದು ಬೆಳಿಗ್ಗೆ, ಬಹರೈನಿನ ಅವಾಲಿಯಲ್ಲಿ ತಾನು ಕೆಲಸ ಮಾಡುವ ಪಂಪು ರಿಪೇರಿಯ ವರ್ಕ್‌ಶಾಪಿನೊಳಗೆ ನಿಂತು, ಸೂರ್ಯದೇವರ ಎದುರೇ ಒಂದು ಒಗಟು ಹೇಳಿಬಿಟ್ಟ. ಅದೂ ಯಾವ ದಿನ? ಸ್ವಂತ ಸೋದರಮಾವ ಕಿಟ್ಟಣ್ಣನವರು ಬೊಂಬಾಯಿಯಿಂದ ವಿಮಾನದಲ್ಲಿ ಬಂದಿಳಿಯುವ ದಿನ.

ಕಿಟ್ಟಣ್ಣ ಮಾವ ಗಾಳಿ ತಿನ್ನಲು ಬರುವವರಾಗಿರಲಿಲ್ಲ. ಅವರ ಮಗಳು ನೀರಜಾಕ್ಷಿಯನ್ನು ರಾಜೀವನಿಗೆ ಕೊಡುವ ಮಾತು ಕೆಲವು ವರ್ಷಗಳಿಂದ ಮುಂದೆಯೂ ಹೋಗದೆ ಹಿಂದೆಯೂ ಹೋಗದೆ, ಬಾಗಿಲಲ್ಲಿ ನಿಂತ ಎಮ್ಮೆಯಂತೆ ನಿಂತಿತ್ತು. "ಹುಡುಗ ಪರದೇಶದಲ್ಲಿ ಹೇಗಿದ್ದಾನೆ, ಎಂತ ಮಾಡ್ತಾನೆ, ಇದನ್ನು ಕಣ್ಣಾರೆ ನೋಡದೆ ನಾನು ಹೂಂ ಅನ್ನುವವನಲ್ಲ" ಎಂದು ಮಾವ ಪಟ್ಟು ಹಿಡಿದಿದ್ದರು. ರಾಜೀವನ ಅಕ್ಕ ಸರೋಜಿನಿ ಗಂಡ ಮಕ್ಕಳೊಂದಿಗೆ ಬಹರೈನಿನ ರಾಜಧಾನಿ ಮನಾಮದ ಅದ್ಲಿಯಾ ಬಡಾವಣೆಯಲ್ಲಿದ್ದಳು. ಆ ಭಾವನೇ ಓಡಾಡಿ ವೀಸಾ ಮಾಡಿಸಿದ್ದ. ಊರಿನಿಂದ ಬಂದ ಸುದ್ದಿಯ ಪ್ರಕಾರ ಮಾವ ಈ ಪ್ರಯಾಣಕ್ಕೆಂದೇ ಕಂದು ಬಣ್ಣದ ಕೋಟು, ಪ್ಯಾಂಟು ಹೊಲಿಸಿದ್ದರು. ಮಂಗಳೂರಿನ ಹಂಪನಕಟ್ಟೆಯಲ್ಲೇ ಒಮ್ಮೆ ದಾರಿ ತಪ್ಪಿ, ಬಸ್ಸು ಹತ್ತುವ ಬದಲು ಯಾರದೋ ಮದುವೆ ದಿಬ್ಬಣದ ವ್ಯಾನು ಹತ್ತಿ, ಊಟ ಮುಗಿಸಿ ಬಂದ ಮನುಷ್ಯ ಅವರು. ವಿಮಾನ ನಿಲ್ದಾಣದಲ್ಲಿ ಕೈಹಿಡಿದು ಕರೆತರದಿದ್ದರೆ ಹೆಣ್ಣೂ ಇಲ್ಲ, ಹೆಣ್ಣಿನ ಅಪ್ಪನೂ ಇಲ್ಲ ಎಂಬುದು ರಾಜೀವನಿಗೆ ಗೊತ್ತಿತ್ತು.

ಅದಕ್ಕೇ ಅವನು ಹಿಂದಿನ ದಿನ ಸಂಜೆ ಫೋರ್‌ಮನ್ ಟಿಯರ್ನಿ ಸಾಹೇಬರ ಬಂಗಲೆಗೆ ಹೋಗಿ, ಒಂದು ದಿನದ ರಜೆ ಮತ್ತು ವರ್ಕ್‌ಶಾಪಿನ ನೀಲಿ ಪಿಕಪ್ ಕೇಳಿದ್ದ. ಸಾಹೇಬರು ಐರ್ಲೆಂಡ್ ದೇಶದವರು. ಅಲ್ಲಿಯೂ ಪೇಟೆಯವರಲ್ಲ, ಕೆಸರು, ದನ, ಮಳೆ, ಪ್ರಾರ್ಥನೆ ಇರುವ ಹಳ್ಳಿಯವರು. ಅವರ ಹಳ್ಳಿಯಲ್ಲಿ ಚಳಿಗಾಲದ ಸಂಜೆ ಒಲೆಯ ಸುತ್ತ ಕೂತು ಒಗಟು ಹೇಳುವ ವಾಡಿಕೆಯಂತೆ. ಅವಾಲಿಯಲ್ಲಿ ಒಲೆಯೂ ಇಲ್ಲ, ಚಳಿಯೂ ಇಲ್ಲ. ಆದರೂ ಸೂರ್ಯ ಮುಳುಗಿದ ಮೇಲೆ ವೆರಾಂಡದಲ್ಲಿ ಪೈಪು ಹಚ್ಚಿ ಕೂತು, ಏನಾದರೂ ಕೇಳಲು ಬಂದವರಿಗೆ ಮೊದಲು ಒಂದು ಒಗಟು ಒಡ್ಡುವುದನ್ನು ಅವರು ಬಿಟ್ಟಿರಲಿಲ್ಲ.

"ಕಾಡಿಗೆ ಹೋದೆ, ಅದು ಸಿಕ್ಕಿತು. ಕೂತು ಹುಡುಕಿದೆ, ಸಿಗಲಿಲ್ಲ. ಸಿಗದ ಕಾರಣ ಮನೆಗೆ ಹೊತ್ತು ತಂದೆ" ಎಂದು ಅವರು ಹಿಂದೊಮ್ಮೆ ಕೇಳಿದಾಗ ರಾಜೀವ ಥಟ್ಟನೆ "ಕಾಲಿನ ಮುಳ್ಳು" ಎಂದು ಹೇಳಿ ಶಹಭಾಸ್ ಅನ್ನಿಸಿಕೊಂಡಿದ್ದ. ಬರಿಗಾಲಲ್ಲಿ ಬೆಳೆದವನಿಗೆ ಅದೇನು ಕಷ್ಟ? ಆದರೆ "ಮನೆಯ ಸುತ್ತ ಸುಳಿದು ಕಿಟಕಿಯಲ್ಲಿ ಬಿಳಿ ಕೈಗವಸು ಬಿಟ್ಟು ಹೋಗುತ್ತದೆ" ಎಂದಾಗ ಅವನು ಬಹಳ ಯೋಚಿಸಿ "ಕಾಗೆ" ಎಂದಿದ್ದ. ಉತ್ತರ ಹಿಮವಂತೆ. ಹಿಮ ಕಾಣದವನಿಗೆ ಕಾಗೆ ಕಂಡದ್ದು ತಪ್ಪೂ ಅಲ್ಲ.

ಆ ಸಂಜೆ ಪಿಕಪ್ಪಿಗಾಗಿ ಸಾಹೇಬರು ಒಡ್ಡಿದ ಒಗಟು ಇದು: "ಮನೆಯ ಸುತ್ತ ಸುತ್ತುತ್ತದೆ, ಸುತ್ತಿ ಸುತ್ತಿ ಕಡೆಗೆ ಮೂಲೆಯಲ್ಲಿ ಬಿದ್ದುಕೊಳ್ಳುತ್ತದೆ. ಏನದು?"

ರಾಜೀವ ರಾತ್ರಿಯಿಡೀ ಹೊರಳಾಡಿದರೂ ಉತ್ತರ ಹೊಳೆಯಲಿಲ್ಲ. ಬೆಳಿಗ್ಗೆ ಕೀಲಿಕೈಗೆಂದು ವರ್ಕ್‌ಶಾಪಿಗೆ ಹೋದಾಗ ಸಾಹೇಬರು "ಉತ್ತರ?" ಎಂದು ಹುಬ್ಬು ಹಾರಿಸಿದರು. ಪಕ್ಕದಲ್ಲಿ ಸ್ಟೋರ್‌ಕೀಪರ್ ರಾಫೆಲ್ ನಿಂತಿದ್ದ. ಅವನು ಶಿರ್ವದ ಕಡೆಯವ. ಇನ್ನೊಬ್ಬರ ಮನೆಯ ಸಂಗತಿ ಎಂದರೆ ಹಸಿದವನಿಗೆ ಊಟದ ಗಂಟೆ ಕೇಳಿದ ಹಾಗೆ ಕಿವಿ ನಿಮಿರುವವ.

"ಗೊತ್ತಿಲ್ಲ ಅಂತ ಹೇಳು ಮಾರಾಯ, ಮೂರು ಲೋಕ ಮುಳುಗ್ತದಾ?" ಎಂದು ಅವನು ನಕ್ಕ.

ಆ ನಗುವೇ ರಾಜೀವನನ್ನು ಕೆಡಿಸಿತು. ನಾಚಿಕೆ ಮುಚ್ಚಿಕೊಳ್ಳಲು ಅವನು ಎದೆಯುಬ್ಬಿಸಿ ಸಾಹೇಬರಿಗೇ ತಿರುಗಿಸಿ ಕೇಳಿದ: "ಅದಿರಲಿ ಸರ್, ನಮ್ಮದೊಂದು ಬಿಡಿಸಿ ನೋಡುವ. ಮೂರು ಕಣ್ಣು ಉಂಟು, ಅಳುವುದಿಲ್ಲ. ಗಡ್ಡ ಉಂಟು, ಮುದುಕನಲ್ಲ. ಹೊಟ್ಟೆ ತುಂಬ ನೀರು ಉಂಟು, ಕೆರೆಯಲ್ಲ!"

ಸಾಹೇಬರ ಬಾಯಿಂದ ಪೈಪು ಜಾರಿತು. "ಹಗಲಿನಲ್ಲಾ?" ಎಂದರು ಮೆಲ್ಲಗೆ.

ರಾಜೀವನಿಗೆ ಆಗ ಅಜ್ಜಿಯ ನೆನಪಾಯಿತು. ಹೊರಗೆ ಅಷ್ಟು ಹೊತ್ತು ಬಿಳಿಯಾಗಿದ್ದ ಬಿಸಿಲು ಆ ಗಳಿಗೆಯಲ್ಲಿ ಅರಿಶಿನವಾಯಿತು. ವರ್ಕ್‌ಶಾಪಿನ ತಗಡಿನ ಮಾಡು ಒಂದು ಸಲ ನಿಟ್ಟುಸಿರುಬಿಟ್ಟಂತೆ ಕಿರುಗುಟ್ಟಿತು. ಉತ್ತರ ದಿಕ್ಕಿನಿಂದ ಧೂಳುಗಾಳಿ ಏಳುತ್ತಿತ್ತು.

"ನನ್ನ ತಾಯಿ ಹಗಲು ಒಗಟು ಹೇಳಲು ಬಿಡುತ್ತಿರಲಿಲ್ಲ" ಎಂದರು ಟಿಯರ್ನಿ ಸಾಹೇಬರು. "ಏಕೆಂದು ನಾವೂ ಕೇಳಲಿಲ್ಲ."

"ನಮ್ಮಲ್ಲಿ ಸೋದರಮಾವನಿಗೆ ದಾರಿ ತಪ್ಪುತ್ತದೆ, ಸರ್. ನನ್ನ ಸೋದರಮಾವ ಈಗ ಆಕಾಶದಲ್ಲಿದ್ದಾರೆ."

ಸಾಹೇಬರು ಕಿಟಕಿಯ ಕಡೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡರು. "ದಾರಿ ತಪ್ಪಿಸುವ ಹುಲ್ಲೊಂದು ನಮ್ಮ ಹೊಲಗಳಲ್ಲಿದೆ, ರಜೀವ್. ಅದರ ಮೇಲೆ ಕಾಲಿಟ್ಟವನಿಗೆ ತನ್ನ ಸ್ವಂತ ಹೊಲದ ಬಾಗಿಲೂ ಕಾಣುವುದಿಲ್ಲ, ಅಲ್ಲಲ್ಲೇ ಸುತ್ತುತ್ತಾನೆ. ಅದಕ್ಕೆ ಮದ್ದು ಒಂದೇ. ಮೈಮೇಲಿನ ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟುಕೊಳ್ಳಬೇಕು." ಆಮೇಲೆ ಸಮಾಧಾನ ಹೇಳುವಂತೆ, "ಆದರೆ ಈ ದ್ವೀಪದಲ್ಲಿ ಹುಲ್ಲೇ ಇಲ್ಲವಲ್ಲ. ಹೋಗು, ದೇವರಿದ್ದಾನೆ. ನನ್ನ ಒಗಟಿನ ಉತ್ತರವನ್ನು ಕೀಲಿಕೈಯೊಂದಿಗೆ ವಾಪಸು ತಾ" ಎಂದರು.

ರಾಫೆಲ್ ಕರೆಯದೆಯೇ ಪಿಕಪ್ ಹತ್ತಿ ಕೂತಿದ್ದ. "ಮನಾಮದಲ್ಲಿ ನನಗೊಂದು ಕೆಲಸ ಉಂಟು. ಮತ್ತೆ ನೀನೊಬ್ಬನೇ ಹೋದರೆ ಗಾಬರಿಯಲ್ಲಿ ಯಾರದ್ದಾದರೂ ಮಾವನನ್ನು ತಂದುಬಿಡ್ತಿ."

ದಾರಿಯುದ್ದಕ್ಕೂ ಧೂಳು ದಪ್ಪವಾಗುತ್ತ ಬಂತು. ಸೂರ್ಯ ತಾಮ್ರದ ಹರಿವಾಣದಂತೆ ಮೇಲೆ ನೇತಾಡುತ್ತಿದ್ದ. ಕಣ್ಣಿಟ್ಟು ನೋಡಿದರೂ ಚುಚ್ಚುತ್ತಿರಲಿಲ್ಲ. ಎದುರಿನ ವಾಹನಗಳ ದೀಪಗಳು ಬಂದು ಬಂದು, ವಾಹನವೇ ಇಲ್ಲದೆ ದೀಪಗಳು ಮಾತ್ರ ಹಾದುಹೋದಂತೆ ಹಾದುಹೋಗುತ್ತಿದ್ದವು. ರಾಫೆಲ್ ಮನಾಮದಲ್ಲಿ ಇಗರ್ಜಿಯ ಹತ್ತಿರ ಇಳಿದ.

"ಕಳೆದುಹೋದದ್ದನ್ನು ಹುಡುಕಿಕೊಡುವವರು ಸಂತ ಅಂತೋನಿಯವರು. ನಿನ್ನ ಹೆಸರಲ್ಲಿ ಒಂದು ಮೊಂಬತ್ತಿ ಹೊತ್ತಿಸ್ತೇನೆ. ಮಾವನ ಗುರುತು ಹೇಳು. ಎತ್ತರ ಎಷ್ಟು? ಬಣ್ಣ ಹೇಗೆ?"

"ಇನ್ನೂ ಕಳೆದುಹೋಗಲಿಲ್ಲ, ರಾಫೆಲಣ್ಣ!"

"ಮೊದಲೇ ಹೇಳಿಟ್ಟರೆ ಅವರಿಗೂ ಸುಲಭ, ಅಲ್ವಾ?" ಎಂದು ರಾಫೆಲ್ ಧೂಳಿನಲ್ಲಿ ಕರಗಿಹೋದ.

ರಾಜೀವ ವಿಮಾನ ನಿಲ್ದಾಣ ತಲುಪಿದಾಗ ಹೊತ್ತು ಮೀರಿತ್ತು. ಧೂಳು ಏಳುವ ಮೊದಲೇ ಇಳಿಸಿಬಿಡಬೇಕೆಂದು ಬೊಂಬಾಯಿ ವಿಮಾನವನ್ನು ಅವಸರವಾಗಿ ಇಳಿಸಿದ್ದರಂತೆ. ಜನ ಯಾವಾಗಲೋ ಚದುರಿಹೋಗಿದ್ದರು. ಖಾಲಿ ಹಾಲಿನಲ್ಲಿ ಕಸ ಗುಡಿಸುವವನೊಬ್ಬ ಮಾತ್ರ ಇದ್ದ. ಬಾಗಿಲ ಪಕ್ಕದ ಬೆಂಚಿನ ಹತ್ತಿರ ಹೋದಾಗ ರಾಜೀವನ ಮೂಗಿಗೆ ಹಲಸಿನ ಹಣ್ಣಿನ ವಾಸನೆ ಬಡಿಯಿತು. ಕೆಂಪು ತೊಳೆಯ ಚೆಂಬರಿಕೆ ಹಲಸು. ಮಾವನ ಹಿತ್ತಲಿನದೇ. ವಾಸನೆ ಬೆಂಚಿನ ಮೇಲೆ ಕಾಲು ಮಡಚಿ ಕೂತಂತೆ ಕೂತಿತ್ತು. ಮಾವ ಇರಲಿಲ್ಲ.

ಅವನು ಫೋನಿಗೆ ಓಡಿದ. ಅಕ್ಕನ ಮನೆಯಲ್ಲಿ ಫೋನಿರಲಿಲ್ಲ. ಆ ಕಟ್ಟಡದ ಕೆಳಗೆ ಉಪ್ಪಿನಂಗಡಿಯ ಮೂಸಬ್ಬನ ಕೋಲ್ಡ್ ಸ್ಟೋರಿತ್ತು, ಅಂದರೆ ಈರುಳ್ಳಿಯಿಂದ ಹಿಡಿದು ಊದುಬತ್ತಿಯವರೆಗೆ ಸಿಗುವ ಅಂಗಡಿ. ಅಲ್ಲಿಯ ನಂಬರು ತಿರುಗಿಸಿದ. ಯಾರೋ ಎತ್ತಿದರು. "ಹಲೋ, ಮೂಸಬ್ಬಾ, ನಾನು ರಾಜೀವ" ಎಂದ. ಆಚೆ ಕಡೆ ಗಾಳಿ ಸುಂಯ್ಯೆನ್ನುತ್ತಿತ್ತು. ಆ ಗಾಳಿಯ ಒಳಗಿಂದ, ಬಾವಿಯ ತಳದಿಂದ ಬಂದಂತೆ, ಒಂದು ಮುದಿ ದನಿ ನಿಧಾನವಾಗಿ ಹೇಳಿತು:

"ಮೂರು ಕಣ್ಣು ಉಂಟು, ಅಳುವುದಿಲ್ಲ... ಗಡ್ಡ ಉಂಟು, ಮುದುಕನಲ್ಲ..."

ರಾಜೀವ ರಿಸೀವರನ್ನು ಕಿವಿಗೆ ಒತ್ತಿ ಹಿಡಿದ. ಬೆಳಿಗ್ಗೆ ತಾನು ಆಡಿದ ಅದೇ ಮಾತು, ಅಜ್ಜಿಯದೇ ರಾಗ, ತಂತಿಯೊಳಗಿಂದ ವಾಪಸು ಬರುತ್ತಿತ್ತು. ಎಲ್ಲೋ ಸಣ್ಣ ಮಕ್ಕಳು ಕಿಲಕಿಲ ನಕ್ಕ ಹಾಗಾಯಿತು. ಮತ್ತೆ ಸುಂಯ್. ಮತ್ತೆ ಏನೂ ಇಲ್ಲ. ಅವನು ರಿಸೀವರನ್ನು ಬಿಸಿ ಬಾಣಲೆ ಇಡುವವನಂತೆ ಮೆಲ್ಲಗೆ ಕೆಳಗಿಟ್ಟ.

ಇನ್ನು ಅಕ್ಕನ ಮನೆಗೆ ಹೋಗಿ ಹೇಳುವುದಲ್ಲದೆ ಬೇರೆ ದಾರಿಯಿರಲಿಲ್ಲ. ಅದ್ಲಿಯಾಕ್ಕೆ ಅವನು ಪ್ರತಿ ಶುಕ್ರವಾರ ಊಟಕ್ಕೆ ಹೋಗುವವನು, ಕಣ್ಣುಮುಚ್ಚಿ ಹೋಗಬಲ್ಲ. ಇವತ್ತು ಕಣ್ಣು ತೆರೆದೇ ಹೋದ. ಸಾಲುಸಾಲು ಗೋಡೆಗಳು, ಗೋಡೆಗಳ ಬಣ್ಣವೂ ಧೂಳಿನ ಬಣ್ಣವೂ ಒಂದೇ. ಮೂಸಬ್ಬನ ಅಂಗಡಿಯ ದೊಡ್ಡ ಕೆಂಪು ಬೋರ್ಡು ಕಂಡರೆ ಬಲಕ್ಕೆ ತಿರುಗಬೇಕು. ಬೋರ್ಡು ಕಾಣಲೇ ಇಲ್ಲ. ಹಸಿರು ಬಾಗಿಲೊಂದು ಬಂತು, ಅದರ ಪಕ್ಕದ ಮೋಟು ಗೋಡೆಯ ಮೇಲೆ ಬಿಳಿ ಬೆಕ್ಕೊಂದು ಬಾಲ ಸುತ್ತಿಕೊಂಡು ಕೂತಿತ್ತು. ಇದು ನೋಡಿದ ಬೀದಿಯಲ್ಲ ಎಂದುಕೊಂಡು ಮುಂದೆ ಹೋದ. ರಸ್ತೆ ಅವನನ್ನು ಎಲ್ಲೆಲ್ಲೋ ಸುತ್ತಿಸಿ ಜುಫೈರ್‌ನ ನೌಕಾಪಡೆಯ ಗೇಟಿನ ಮುಂದೆ ನಿಲ್ಲಿಸಿತು.

ಕಾವಲುಗಾರ ಟಾರ್ಚು ಬಿಟ್ಟು, "ಎಲ್ಲಿಗೆ?" ಎಂದು ಹಿಂದಿಯಲ್ಲಿ ಗದರಿದ.

"ಮಾವ ಕಳೆದುಹೋಗಿದ್ದಾರೆ."

"ಇಲ್ಲಿ ಹಡಗುಗಳಿವೆ, ಮಾವಂದಿರಿಲ್ಲ. ಗಾಡಿ ತಿರುಗಿಸು!"

ತಿರುಗಿಸಿದ. ಮತ್ತೆ ಅದ್ಲಿಯಾ. ಮತ್ತೆ ಹಸಿರು ಬಾಗಿಲು. ಮತ್ತೆ ಅದೇ ಬೆಕ್ಕು. ಈ ಸಲ ಬೆಕ್ಕಿನಿಂದ ಸ್ವಲ್ಪ ಆಚೆ, ಧೂಳಿನ ನಡುವೆ ಒಂದು ಆಕೃತಿ ಕಂಡಿತು. ಬಿಳಿ ಬಟ್ಟೆ. ತಲೆಯಿಂದ ಹೆಗಲಿಗೆ ಇಳಿಬಿದ್ದ ಬಿಳಿ ಮುಸುಕು. ಮುಖ ಇರಬೇಕಾದಲ್ಲಿ ಬರೀ ಮಣ್ಣಿನ ಬಣ್ಣ. ಅದು ಕೂತಲ್ಲಿಂದ ಎದ್ದು, ನಿಧಾನವಾಗಿ ಒಂದು ಕೈ ಮೇಲೆತ್ತಿತು. ಗಾಳಿಯ ಮೇಲೆ ತೇಲಿಬಂತು ಒಂದು ಕರೆ:

"ರಾಜೀವಾ..."

ಒಮ್ಮೆ ಮಾತ್ರ. ಅಜ್ಜಿಯ ಮನೆಯಲ್ಲಿ ಬೆಳೆದ ಯಾವ ಮಗುವಿಗೆ ಗೊತ್ತಿಲ್ಲ? ಹೆಸರು ಹಿಡಿದು ಒಂದೇ ಸಲ ಕರೆಯುವುದು ಮನುಷ್ಯರಲ್ಲ. ಮನುಷ್ಯರಾದರೆ ಮತ್ತೆ ಮತ್ತೆ ಕರೆಯುತ್ತಾರೆ. ಓಗೊಟ್ಟರೆ ಮುಗಿಯಿತು. ರಾಜೀವ ಹಲ್ಲು ಕಚ್ಚಿ, ಮನೆದೈವವನ್ನು ನೆನೆದು, ಆಕ್ಸಿಲರೇಟರಿನ ಮೇಲೆ ಎರಡು ಕಾಲನ್ನೂ ಇಟ್ಟಂತೆ ಒತ್ತಿದ.

ಒತ್ತಿದರೇನು? ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ, ಸ್ವಲ್ಪ ಹೊತ್ತಿನಲ್ಲಿ ಹಸಿರು ಬಾಗಿಲು, ಬೆಕ್ಕು, ಬಿಳಿಯ ಆಕೃತಿ. ಪ್ರತಿಸಲವೂ ಅದು ಕೈ ಎತ್ತುತ್ತಿತ್ತು. ಪ್ರತಿಸಲವೂ ಒಂದೇ ಕರೆ. ಒಮ್ಮೆ ಅದರ ಕಾಲಬುಡದಲ್ಲಿ ಕುಳ್ಳಗಿನ ನೆರಳುಗಳೆರಡು ಕುಣಿದವು. ಅವನು ಕಣ್ಣು ಮುಚ್ಚಿಕೊಂಡೇ ದಾಟಿದ. ಬೆಕ್ಕು ಮಾತ್ರ ಪ್ರತಿಸಲವೂ ಅವನನ್ನು, ತಪ್ಪು ಲೆಕ್ಕ ಬರೆದ ಹುಡುಗನನ್ನು ಮಾಸ್ತರರು ನೋಡುವಂತೆ ನೋಡುತ್ತಿತ್ತು.

ಕೊನೆಗೆ ಸಾಕೆನಿಸಿತು. ಅವಾಲಿಗೇ ಮರಳಿ ಟಿಯರ್ನಿ ಸಾಹೇಬರ ಕಾಲು ಹಿಡಿಯುತ್ತೇನೆ ಎಂದು ದಕ್ಷಿಣಕ್ಕೆ ಹೊರಟ. ಆ ರಸ್ತೆಯೂ ಅವನಿಗೆ ಒಲಿಯಲಿಲ್ಲ. ಎಲ್ಲೋ ಒಂದು ತಿರುವು ತಪ್ಪಿ, ಡಾಂಬರು ಮುಗಿದು, ಮಣ್ಣಿನ ಹಾದಿ ಶುರುವಾಗಿ, ಇಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು.

ಇಳಿದು ನೋಡಿದ. ಸುತ್ತಲೂ ದಿಬ್ಬಗಳು. ಬೋರಲು ಹಾಕಿದ ಹಂಡೆಗಳಂತೆ ಒಂದರ ಪಕ್ಕದಲ್ಲಿ ಒಂದು, ಒಂದರ ಹಿಂದೆ ಒಂದು, ಕಣ್ಣು ಹೋದಷ್ಟು ದೂರ. ಆಲಿ ಎಂಬ ಹಳ್ಳಿಯ ದಿಬ್ಬಗಳು. ಯಾವ ಕಾಲದ್ದೋ, ಯಾವ ಜನರದ್ದೋ ಗೋರಿಗಳು. ಅವರ ಹೆಸರಿಲ್ಲ, ಅವರ ದೇವರ ಹೆಸರೂ ಉಳಿದಿಲ್ಲ. ಗಾಳಿ ಇಲ್ಲಿ ಇದ್ದಕ್ಕಿದ್ದಂತೆ ನಿಂತಿತ್ತು. ಧೂಳು ಕೆಳಗೂ ಇಳಿಯದೆ ಮೇಲೂ ಏರದೆ, ಯಾರೋ ಉಸಿರು ಹಿಡಿದುಕೊಂಡಂತೆ ನಿಂತಿತ್ತು. ಆ ಹಳದಿ ಮೌನದಲ್ಲಿ ರಾಜೀವನಿಗೆ ಅನ್ನಿಸಿತು: ಇವರೆಲ್ಲರೂ ಯಾರೋ ಒಬ್ಬರ ಸೋದರಮಾವಂದಿರು. ಎಲ್ಲಿಂದಲೋ ಎಲ್ಲಿಗೋ ಹೊರಟವರು, ಯಾರೋ ಹಗಲು ಹೊತ್ತಿನಲ್ಲಿ ಒಗಟು ಹೇಳಿದ್ದರಿಂದ ದಾರಿ ತಪ್ಪಿ ಇಲ್ಲಿಗೆ ಬಂದು, ಕಾದು ಕಾದು, ಮಲಗಿಬಿಟ್ಟವರು. ಕೈಗಳು ತಾವಾಗಿಯೇ ಜೋಡಿಸಿಕೊಂಡವು. ಬಂದಾಗಿನಿಂದ ಅವನು ಈ ದಿಬ್ಬಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ. ನಮಸ್ಕಾರ ಮಾಡಬೇಕೆಂದು ಎಂದೂ ತೋರಿರಲಿಲ್ಲ.

ಕೈಮುಗಿದು ತಲೆ ಬಗ್ಗಿಸಿದಾಗ ಕಾಲ ಕೆಳಗೆ ಮೆತ್ತಗಾಯಿತು. ನೋಡಿದರೆ ಹುಲ್ಲು!

ನೀರಿನ ಕೊಳವೆಯೊಂದು ಅಲ್ಲಿ ಹನಿಹನಿಯಾಗಿ ಸೋರುತ್ತಿತ್ತು. ಅಷ್ಟೇ ಜಾಗದಲ್ಲಿ, ಒಂದು ಬಾಳೆಲೆಯಗಲ, ಊರಿನ ಗದ್ದೆಯ ಬದುವಿನಿಂದ ಕಿತ್ತು ತಂದಂತೆ ಹಸಿರು ಹುಲ್ಲು ಬೆಳೆದಿತ್ತು. ರಾಜೀವನ ಎರಡೂ ಪಾದ ಅದರ ಮೇಲೆಯೇ ಇತ್ತು. ಅವನು ಕಾದ ಹೆಂಚಿನ ಮೇಲೆ ನಿಂತವನಂತೆ ಹಾರಿ, ಮದ್ದು ಹೇಳಿಕೊಟ್ಟ ಸಾಹೇಬರನ್ನು ನೆನೆಯುತ್ತ, ಗೋರಿಗಳ ಎದುರೇ ಅಂಗಿ ಬಿಚ್ಚಿ ಒಳಮಗ್ಗುಲು ಹೊರಗೆ ಮಾಡಿ ತೊಟ್ಟುಕೊಂಡ. ಇರಲಿ ಎಂದು ಬನಿಯನ್ನನ್ನೂ ತಿರುಗಿಸಿದ. ಬಾನೆಟ್ ಎತ್ತಿ, ಕಾರ್ಬುರೇಟರಿನ ಧೂಳು ಊದಿ, ಕೀಲಿ ತಿರುಗಿಸಿದರೆ ಇಂಜಿನ್ ಒಂದೇ ಮಾತಿಗೆ ಎದ್ದಿತು. ಧೂಳು ಸರಸರನೆ ಇಳಿಯಿತು. ದಿಬ್ಬಗಳ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಡಾಂಬರು ರಸ್ತೆ ಏನೂ ಆಗದವರ ಹಾಗೆ ಮಲಗಿತ್ತು. "ಅದ್ಲಿಯಾ" ಎಂಬ ಹಲಗೆಯೂ ಇತ್ತು.

ಸೂರ್ಯ ಮುಳುಗುವ ಹೊತ್ತಿಗೆ, ಮಸೀದಿಯಲ್ಲಿ ಬಾಂಗು ಕೇಳುತ್ತಿದ್ದಾಗ, ಅವನು ಸೀದಾ ಅಕ್ಕನ ಕಟ್ಟಡದ ಮುಂದೆ ಬಂದು ನಿಂತ. ನಿಂತವನು ಕಲ್ಲಾದ. ಕಟ್ಟಡದ ಪಕ್ಕದಲ್ಲಿ ಹಸಿರು ಬಾಗಿಲು. ಮೋಟು ಗೋಡೆಯ ಮೇಲೆ ಬಿಳಿ ಬೆಕ್ಕು. ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಬಿಳಿ ಮುಂಡು ಉಟ್ಟು, ತಲೆಗೆ ಬೈರಾಸಿನ ವಸ್ತ್ರ ಹೊದ್ದು, ಧೂಳು ಮೆತ್ತಿದ ಮುಖದ ಕಿಟ್ಟಣ್ಣ ಮಾವ.

"ಹರಕೆ ಮುಗೀತಾ ಮಾರಾಯ್ರೆ?" ಎಂದು ಮೂಸಬ್ಬ ಒಳಗಿನಿಂದ ಕೇಳಿದ. "ಬೆಳಿಗ್ಗೆಯಿಂದ ಎಷ್ಟು ಸಲ ನಿಮ್ಮ ನೀಲಿ ಗಾಡಿ ಈ ಬಿಲ್ಡಿಂಗಿಗೆ ಸುತ್ತು ಬಂತು! ನಿಮ್ಮವರು ದೇವಸ್ಥಾನಕ್ಕೆ ಬರುವುದಿಲ್ಲವಾ ಪ್ರದಕ್ಷಿಣೆ, ಅಂಥದ್ದು ಏನೋ ಇರ್ಬೇಕು, ನಡುವೆ ಮಾತಾಡಿಸಬಾರದು ಅಂತ ನಾನು ಸುಮ್ಮನಾದೆ."

"ಬೋರ್ಡು... ನಿಮ್ಮ ಕೆಂಪು ಬೋರ್ಡು ಎಲ್ಲಿ?"

"ಬೆಳಿಗ್ಗೆ ಗಾಳಿಗೆ ಬಿತ್ತು. ಒಳಗೆ ತಂದಿಟ್ಟೆ."

ಸರೋಜಿನಿ ಮೆಟ್ಟಿಲಿ‌ಳಿದು ಬಂದವಳೇ ತಮ್ಮನ ಅವತಾರ ನೋಡಿ ಹಣೆಗೆ ಕೈ ಹಚ್ಚಿದಳು. ಅಂಗಿಯ ಹೊಲಿಗೆಗಳೆಲ್ಲ ಹೊರಗೆ. ಜೇಬು ಆಡಿನ ಕಿವಿಯಂತೆ ಜೋತುಬಿದ್ದಿತ್ತು. "ಎಂತದಾ ಇದು ನಿನ್ನ ವೇಷ? ಮಾವ ಬೆಳಿಗ್ಗೆಯೇ ಟ್ಯಾಕ್ಸಿಯಲ್ಲಿ ಮನೆ ಬಾಗಿಲಿಗೆ ಬಂದು ಇಳಿದ್ರು. ಆ ಅಬ್ಬಾಸ್ ಅನ್ನುವ ಡ್ರೈವರು ಹಲಸಿನ ಹಣ್ಣು ಸಮೇತ ಮೇಲೆ ತಂದುಬಿಟ್ಟ."

ಮಾವ ಎದ್ದರು. ಅವರ ಮಾತು ಮೆಲ್ಲಗಿತ್ತು, ಹೆದರಿಕೆ ಹುಟ್ಟಿಸಿದ್ದೇ ಅದು. "ನಿನ್ನನ್ನು ಕಾಯ್ಲಿಕ್ಕೆ ಅಂತಲೇ ಆ ಧೂಳಲ್ಲಿ ಕೂತಿದ್ದೆ ರಾಜೀವ. ಸೆಕೆಗೆ ಕೋಟು ಬಿಚ್ಚಿಟ್ಟು ಮುಂಡು ಉಟ್ಟುಕೊಂಡೆ. ನೀನು ಬಂದೆ, ನಾನು ಕೈ ಎತ್ತಿದೆ, ಹೆಸರು ಹಿಡಿದು ಕರೆದೆ. ನೀನು ನನ್ನ ಮುಖ ನೋಡಿ ಗಾಡಿ ಓಡಿಸಿದಿ. ಒಮ್ಮೆ ಆದರೆ ಕಾಣಲಿಲ್ಲ ಅನ್ನಬಹುದು. ಬಂದದ್ದು ಎಷ್ಟು ಸಲ! ಕಡೆಗೆ ಕಣ್ಣೇ ಮುಚ್ಚಿಕೊಂಡಿ. ಹೆಣ್ಣು ಮನಸ್ಸಿಗೆ ಬಾರದಿದ್ದರೆ ಹೇಳಬೇಕು. ಅಪ್ಪನ ಮುಖ ಕಂಡರೂ ಆಗದಷ್ಟು ಎಂತ ಉಂಟು?"

"ಅಯ್ಯೋ ಮಾವ, ಹಾಗಲ್ಲ! ನಾನು ನಿಮ್ಮನ್ನು ಭೂತ ಅಂತ ಎಣಿಸಿದೆ."

ಇದನ್ನು ಹೇಳಬಾರದಿತ್ತು. ಸರೋಜಿನಿ ಕಣ್ಣುಮುಚ್ಚಿದಳು. ಮೂಸಬ್ಬ ಅಕ್ಕಿಯ ಚೀಲದ ಹಿಂದೆ ಏನನ್ನೋ ಹುಡುಕಲು ಬಗ್ಗಿದ.

ರಾಜೀವ ಇದ್ದದ್ದನ್ನೆಲ್ಲ ಹೇಳಿದ: ಬೆಳಗಿನ ಒಗಟು, ಫೋನಿನ ದನಿ, ಹುಲ್ಲು. ಫೋನಿನ ಸಂಗತಿ ಬಂದಾಗ ಮೂಸಬ್ಬ ಎದ್ದು, "ಅದು ನಾನೇ. ಎತ್ತಿದೆ, ಅಷ್ಟರಲ್ಲಿ ಗಿರಾಕಿ ಬಂದರು, ಮೇಜಿನ ಮೇಲಿಟ್ಟೆ. ಈ ಅಜ್ಜ ಅಲ್ಲೇ ಕೂತು ಮಕ್ಕಳಿಗೆ ಎಂತದೋ ಹೇಳ್ತಾ ಇದ್ದರಲ್ಲ" ಎಂದ.

"ಎದುರುಕತೆ!" ಎಂದು ಸರೋಜಿನಿಯ ಮಗಳು ಅಮ್ಮು, ತಮ್ಮನನ್ನು ಎಳೆದುಕೊಂಡು ಮುಂದೆ ಬಂದಳು. "ಮಾವಾ, ಅಜ್ಜ ನಮಗೆ ಬೆಳಿಗ್ಗೆಯಿಂದ ಎದುರುಕತೆ ಹೇಳಿದ್ದು! ಎಷ್ಟು ಗೊತ್ತಾ?"

ರಾಜೀವ ಮಾವನ ಮುಖ ನೋಡಿದ. "ಹಗಲಲ್ಲೇ?"

"ಹಗಲಾದರೆ ಎಂತ?" ಎಂದರು ಕಿಟ್ಟಣ್ಣ ಮಾವ. "ಅಮ್ಮ ಹೇಳುತ್ತಿದ್ದದ್ದು ನನಗೂ ನೆನಪುಂಟು. ಆದರೆ ನನ್ನ ಸೋದರಮಾವ ತೀರಿಹೋಗಿ ಕಾಲ ಎಷ್ಟಾಯ್ತು! ಅವರು ಇನ್ನು ಎಲ್ಲಿಗೆ ಹೋಗ್ಲಿಕ್ಕುಂಟು, ಎಲ್ಲಿ ದಾರಿ ತಪ್ಪಲಿಕ್ಕುಂಟು? ಆ ಧೈರ್ಯದಿಂದಲೇ ಹೇಳಿದೆ."

"ನೀವು ಹೇಳಿದವರು, ಮಾವ. ಕೇಳಿದವರು ಯಾರು?"

ಎಲ್ಲರೂ ಅಮ್ಮುವನ್ನೂ ಅವಳ ತಮ್ಮನನ್ನೂ ನೋಡಿದರು. ಆಮೇಲೆ ಆ ಮಕ್ಕಳ ಸೋದರಮಾವನನ್ನು ನೋಡಿದರು. ಅವನು ಅಂಗಿ ತಿರುವುಮುರುವು ತೊಟ್ಟು ಬೀದಿಯಲ್ಲಿ ನಿಂತಿದ್ದ. ಗೋಡೆಯ ಮೇಲಿನ ಬೆಕ್ಕು ಮೊದಲ ಬಾರಿಗೆ ಎದ್ದು, ಮೈಮುರಿದು, ಇಳಿದುಹೋಯಿತು.

"ಹಾಗಾದರೆ ನೀರಜೆಯ ವಿಷಯ, ಮಾವ?" ಎಂದು ಸರೋಜಿನಿಯೇ ಕೇಳಿದಳು.

"ನೋಡುವ" ಎಂದರು ಮಾವ.

ನಮ್ಮ ಕಡೆ ಹಿರಿಯರು "ಬೇಡ" ಎಂದರೆ ಅತ್ತು ಕರೆದು ಹೂಂ ಅನ್ನಿಸಬಹುದು. "ನೋಡುವ" ಎಂದರೆ ದೇವರಿಗೂ ಏನೂ ಮಾಡಲಾಗುವುದಿಲ್ಲ.

ದೀಪ ಹಚ್ಚಿಯಾಯಿತು. ಮಂಚ ಮಾವನಿಗೆ ಹೋಯಿತು. ದಿನವಿಡೀ ಸ್ಟೇರಿಂಗ್ ತಿರುಗಿಸಿ ಕೈ ಸೋತ ರಾಜೀವ ಹಾಲಿನ ಮೂಲೆಯಲ್ಲಿ ಚಾಪೆ ಹಾಸಿ ಬಿದ್ದುಕೊಂಡ. ತಲೆಯ ಹತ್ತಿರ ಗೋಡೆಗೆ ಒರಗಿಸಿದ ಪೊರಕೆ. ಅಮ್ಮು ಬಂದು ಅವನ ಬೆರಳು ಎಳೆದಳು. "ಮಾವಾ, ಈಗ ದೀಪ ಹಚ್ಚಿ ಆಯ್ತಲ್ಲಾ, ಒಂದು ಎದುರುಕತೆ ಹೇಳು."

ಅವನು ಕಣ್ಣುಮುಚ್ಚಿಕೊಂಡೇ ಸಾಹೇಬರ ಒಗಟು ಹೇಳಿದ. "ಮನೆಯ ಸುತ್ತ ಸುತ್ತುತ್ತದೆ. ಸುತ್ತಿ ಸುತ್ತಿ ಕಡೆಗೆ ಮೂಲೆಯಲ್ಲಿ ಬಿದ್ದುಕೊಳ್ಳುತ್ತದೆ. ಎಂತದು?"

"ಸೋದರಮಾವ!" ಎಂದಳು ಅಮ್ಮು, ಯೋಚನೆಯನ್ನೇ ಮಾಡದೆ.

ಮಂಚದ ಮೇಲೆ ಕಿಟ್ಟಣ್ಣ ಮಾವ ಕೂಡ ನಕ್ಕರು. ನಕ್ಕು ಮಗ್ಗುಲು ಬದಲಿಸಿ, "ಆದರೂ ನೋಡುವ" ಎಂದರು.

ಮರುದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ರಾಜೀವ ಕೀಲಿಕೈ ಕೊಡಲು ಹೋದಾಗ ಟಿಯರ್ನಿ ಸಾಹೇಬರು ಹಚ್ಚದ ಪೈಪನ್ನು ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತಿದ್ದರು. ಮುಖ ಸುಣ್ಣವಾಗಿತ್ತು.

"ನಿನ್ನೆ ರಾತ್ರಿ ಊರಿನಿಂದ ಅಕ್ಕ ಟ್ರಂಕ್ ಕಾಲ್ ಮಾಡಿದ್ದಳು, ರಜೀವ್. ನಮ್ಮ ತಾಯಿಯ ಅಣ್ಣ ಇನ್ನೂ ಇದ್ದಾರೆ, ತುಂಬ ಮುದುಕರು. ನಿನ್ನೆ ಬೆಳಕು ಹರಿಯುವಾಗ ದನ ಅಟ್ಟಿಕೊಂಡು ಹೊಲಕ್ಕೆ ಹೋದವರು ವಾಪಸು ಬರಲಿಲ್ಲವಂತೆ. ಹುಟ್ಟಿ ಬೆಳೆದ ಹೊಲ. ಸಂಜೆಯವರೆಗೂ ಅದರೊಳಗೇ ಸುತ್ತಿದ್ದಾರೆ, ಬಾಗಿಲು ಸಿಕ್ಕಲಿಲ್ಲ. ಕಡೆಗೆ ಕೋಟನ್ನು ತಿರುವಿ ತೊಟ್ಟುಕೊಂಡ ಮೇಲೆ ಮನೆ ಕಂಡಿತಂತೆ."

ರಾಜೀವ ಬೆರಳು ಮಡಚಿ ಲೆಕ್ಕ ಹಾಕಿದ. ನಿನ್ನೆ ತಾನು ಹೇಳಿದವನು. ಕೇಳಿದವರು ಸಾಹೇಬರು. ಅಜ್ಜಿ, ಸಮುದ್ರ ದಾಟಿದರೂ ನಿನ್ನ ಮಾತು ಬಿಡಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದ.

"ಅದಿರಲಿ, ಉತ್ತರ ತಂದೆಯಾ?" ಎಂದರು ಸಾಹೇಬರು.

"ಸೋದರಮಾವ, ಸರ್."

ಸಾಹೇಬರು ಪೈಪನ್ನು ಮೇಜಿನ ಮೇಲಿಟ್ಟರು. "ಪೊರಕೆ ಎಂದು ನನ್ನ ತಾಯಿ ಹೇಳುತ್ತಿದ್ದಳು" ಎಂದರು ಆಮೇಲೆ. "ಪಾಪ, ಅವಳಿಗೆ ತನ್ನ ಅಣ್ಣನ ಸಂಗತಿ ಗೊತ್ತಿರಲಿಲ್ಲ."

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ರಾಫೆಲ್ ಒಳಗೆ ಬಂದ. ಸುದ್ದಿ ಆಗಲೇ ಅವನ ಕಿವಿಗೆ ಬಿದ್ದಿತ್ತು. ಮುಖದಲ್ಲಿ ಹಬ್ಬದ ಕಳೆ. "ನಿಮ್ಮದೊಂದು ದೊಡ್ಡ ಕತೆ ಮಾರಾಯ್ರೆ! ನನ್ನ ಹತ್ತಿರವೂ ಒಂದು ಉಂಟು, ನಮ್ಮ ಅಮ್ಮ ಹೇಳುತ್ತಿದ್ದದ್ದು, ಕೇಳಿ..."

"ಬೇಡ!" ಎಂದು ಇಬ್ಬರೂ ಒಟ್ಟಿಗೆ ಕೂಗಿ ಕಿವಿ ಮುಚ್ಚಿಕೊಂಡರು. ಆದರೆ ರಾಫೆಲನ ದನಿ ಇಗರ್ಜಿಯ ಗಂಟೆಯಂಥದ್ದು, ಬೆರಳುಗಳ ಸಂದಿನಿಂದಲೂ ನುಗ್ಗುವಂಥದ್ದು.

"ಬರುವಾಗ ಹಸಿರು, ಹೋಗುವಾಗ ಕೆಂಪು, ನಡುವೆ ಸುಣ್ಣದ ಮದುವೆ! ಎಂತದು ಹೇಳಿ ನೋಡುವ? ವೀಳ್ಯದೆಲೆ!"

ಕಿಟಕಿಯ ಹೊರಗೆ ಬಿಳಿ ಬಿಸಿಲು ಮೆಲ್ಲಗೆ ಅರಿಶಿನವಾಗತೊಡಗಿತು. ತಗಡಿನ ಮಾಡು ಒಂದು ಸಲ ಕಿರುಗುಟ್ಟಿತು. ಬೆಳಿಗ್ಗೆ ಹೊರಡುವಾಗ ಕಿಟ್ಟಣ್ಣ ಮಾವ ಕಂದು ಕೋಟು ತೊಟ್ಟು, "ನಾನೊಬ್ಬನೇ ಮನಾಮ ಪೇಟೆ ನೋಡಿ ಬರ್ತೇನೆ, ನನಗೆ ಯಾರೂ ದಾರಿ ತೋರಿಸ್ಲಿಕ್ಕೆ ಬೇಡ" ಎಂದದ್ದು ರಾಜೀವನಿಗೆ ನೆನಪಾಯಿತು.

ಮೇಜಿನ ಮೇಲಿನ ಫೋನು ಬಡಿದುಕೊಳ್ಳತೊಡಗಿತು. ಅದು ಅದ್ಲಿಯಾದಿಂದಲೋ ಐರ್ಲೆಂಡಿನಿಂದಲೋ ಯಾರಿಗೆ ಗೊತ್ತು? ರಾಜೀವ ಸಾಹೇಬರ ಮುಖ ನೋಡಿದ, ಸಾಹೇಬರು ರಾಜೀವನ ಮುಖ ನೋಡಿದರು. ಆಮೇಲೆ ಇಬ್ಬರೂ ಮೊದಲ ಗುಂಡಿಯಿಂದ ಶುರುಮಾಡಿ, ಅಂಗಿ ಬಿಚ್ಚತೊಡಗಿದರು.